ಹೆಚ್ಚಿದ ಸರ

ಸಯನ್, ಮುಂಬಯಿ
೧೪ ಮೇ ೨೦೨೪

ಪ್ರೀತಿಯ ಅಕ್ಕನಿಗೆ ಸುಬ್ಬುವಿನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ ಅಂದುಕೋ. ನಿನ್ನ ಫೋನುಗಳಿಗೆಲ್ಲ ಹೂಂ, ಉಹೂಂ ಎಂದಷ್ಟೇ ಹೇಳಿ ಇಟ್ಟುಬಿಟ್ಟೆನೆಂದು ಮುನಿಸಿಕೊಳ್ಳಬೇಡ. ನೀನು ಸ್ಪೀಕರ್ ಹಾಕಿಕೊಂಡು ಮಾತನಾಡುವವಳು. ನನ್ನ ಮನೆಯ ವಿಷಯ ಮೈಸೂರಿನ ನಿನ್ನ ಬೀದಿಗೆಲ್ಲ ಕೇಳಿ, ಪಕ್ಕದ ಮನೆಯಲ್ಲೇ ಇರುವ ನಮ್ಮ ಬೀಗಿತ್ತಿಗೂ ಮುಟ್ಟುತ್ತದೆ. ಅದಕ್ಕೇ ತಡವಾದರೂ ಈ ಕಾಗದ. ಕನ್ನಡಕ ಹಾಕಿಕೊಂಡು ನೀನೊಬ್ಬಳೇ ಓದು.

ಹೌದು, ಅಜ್ಜಿಯ ಎರಡೆಳೆ ಸರವನ್ನು ಮುರಿಸಿ ಬೇರೆ ಮಾಡಿಸಲು ಕೊಟ್ಟೆವು. ನನ್ನ ಮಗಳು ಧಾತ್ರಿಯ ಮದುವೆಯಲ್ಲಿ ತಾಳಿ ಪೋಣಿಸಲೆಂದು ನೀನೇ ಪೆಟ್ಟಿಗೆಯಿಂದ ತೆಗೆದುಕೊಟ್ಟ ಸರ. "ಅದನ್ನ ಕರಗಿಸೋಕೆ ಮನಸ್ಸಾದ್ರೂ ಹೇಗೆ ಬಂತೇ ನಿಮಗೆ?" ಎಂದು ಕೇಳಿದೆಯಲ್ಲ, ಅಂದು ನನಗೆ ಊಟ ಸೇರಲಿಲ್ಲ. ಹಿರಿಯಳೆಂದು ಆ ಸರ ನಿನ್ನ ಪಾಲಿಗೆ ಹೋದಾಗ ಹೊಟ್ಟೆಕಿಚ್ಚು ಪಟ್ಟವಳು ನಾನು. ನನಗೆ ಅದು ಬೇಡವಾಗಿತ್ತೆ?

ಧಾತ್ರಿ ಗಂಡ ವಿಕ್ರಂನ ಪವಾಯಿಯ ಮನೆ ಬಿಟ್ಟು ಬಂದು ಎರಡು ತಿಂಗಳಾಯಿತು. ಇಲ್ಲಿಂದಲೇ ಆಫೀಸಿಗೆ ಹೋಗುತ್ತಾಳೆ. ಆಫೀಸಿನ ಐಡಿ ಕಾರ್ಡನ್ನು ಎಲ್ಲರೂ ಕೊರಳಿಗೆ ಹಾಕಿಕೊಂಡರೆ ಇವಳು ಪರ್ಸಿನಲ್ಲಿ ತುರುಕಿಕೊಂಡು ಹೋಗುತ್ತಾಳೆ. ಇದೊಂದು ಹೊಸ ಶೋಕಿ ಎಂದುಕೊಂಡಿದ್ದೆ.

ಸಂಕ್ರಾಂತಿಯ ಮಾರನೆಯ ದಿನ ಫೋನು ಮಾಡಿ "ಅಮ್ಮಾ, ಸರ ಹೆಚ್ಚಿತು" ಅಂದಿದ್ದಳು. ಮುತ್ತೈದೆಯ ಸರ ಹರಿಯಿತು, ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಎಂದು ಅಜ್ಜಿ ನಮಗೆ ಕಲಿಸಿದ್ದನ್ನೇ ನಾನು ಇವಳಿಗೂ ಕಲಿಸಿದ್ದೆ. ಕನ್ನಡದಲ್ಲಿ ನೆಟ್ಟಗೆ ನಾಲ್ಕು ಮಾತಾಡಲು ತಡವರಿಸುವ ಹುಡುಗಿ ಇದನ್ನು ಮರೆತಿಲ್ಲವಲ್ಲ ಎಂದು ಹಿಗ್ಗಿಬಿಟ್ಟೆ. "ಹಳೇ ಕೊಂಡಿ, ಸವೆದಿರುತ್ತೆ ಬಿಡು. ಸದ್ಯಕ್ಕೆ ಅರಿಶಿನದ ದಾರಕ್ಕೆ ತಾಳಿ ಪೋಣಿಸ್ಕೋ" ಅಂದೆ. ಅವಳು "ಹಾಂ" ಅಂದು ಇಟ್ಟಳು.

ಹೋದ ಭಾನುವಾರ ಇಬ್ಬರೂ ಘಾಟ್ಕೋಪರ್‌ಗೆ ಹೋದೆವು. ಹಳೆಯ ಒಡವೆಯನ್ನು ಹೊಸ ನಮೂನೆಗೆ ಮಾಡಿಕೊಡುವ ಸಣ್ಣ ಅಂಗಡಿ, ನಡೆಸುವವಳು ನಿಶಾ ಎಂಬ ಮರಾಠಿ ಹೆಂಗಸು. ಕಂಪ್ಯೂಟರಿನಲ್ಲಿ ಚಿತ್ರ ಬರೆದು ತಿರುಗಿಸಿ ತಿರುಗಿಸಿ ತೋರಿಸಿದಳು. ಒಂದು ಪದಕ ಎಷ್ಟು ಚೆನ್ನಾಗಿತ್ತು ಗೊತ್ತೆ, ಸುತ್ತಲೂ ಅಜ್ಜಿಯ ಸರದ ಗುಂಡುಗಳನ್ನೇ ಕೂರಿಸಿದ್ದು! "ಇದೇ ಇರ್ಲಿ ಕಣೇ" ಅಂದೆ.

"ಅಮ್ಮಾ, ನೆಕ್‌ಗೆ ಏನೂ ಬೇಡ. ಬಳೆ ಚಲೇಗಾ, ಓಲೆ ಚಲೇಗಾ. ನೆಕ್‌ಗೆ ನಹೀಂ."

"ಸಣ್ಣದೊಂದು ಚೈನಾದ್ರೂ..."

"ಬೇಡ ಅಂದ್ನಲ್ಲಾ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೂ ಸಿಟ್ಟು ನೆತ್ತಿಗೇರಿತ್ತು. ಅಷ್ಟರಲ್ಲಿ ನಿಶಾ ಸರವನ್ನು ಕೈಗೆ ತೆಗೆದುಕೊಂಡು "ಹೇ ವಾಢಲಂ ಕಸಂ?" ಎಂದು ಕೇಳಿದಳು. ಇದು ಹೆಚ್ಚಿದ್ದು ಹೇಗೆ ಅಂತ. ನೋಡು, ಮರಾಠಿಯವರ ಸರವೂ ನಮ್ಮದರ ಹಾಗೆ ಹರಿಯುವುದಿಲ್ಲ, ಹೆಚ್ಚುತ್ತದೆ! ನನಗೆ ಆ ಸಿಟ್ಟಿನಲ್ಲೂ ನಗು ಬಂತು. ಧಾತ್ರಿ ಏನೋ ಉತ್ತರ ಹೇಳಿದಳು. ಆಮೇಲೆ ನಿಶಾ ಪದಕದ ಮಾತೆತ್ತಲಿಲ್ಲ. ಎರಡು ಬಳೆ, ಒಂದು ಜೊತೆ ಓಲೆ ಎಂದು ತೀರ್ಮಾನವಾಯಿತು.

ತಾಳಿಯನ್ನು ಕೊಟ್ಟಿಲ್ಲ, ದೇವರ ಮುಂದಿಟ್ಟಿದ್ದೇನೆ. "ಬರೋ ವಾರ ವಿಕ್ರಂನ ತಾಯೀನೂ ಕರ್ಕೊಂಡು ಬರ್ತೀನಿ, ಹೊಸಾ ಸರಕ್ಕೆ ತಾಳಿ ಪೋಣಿಸಿ ಹುಡುಗೀನ ಗಂಡನ ಮನೇಗೆ ಬಿಟ್ಟು ಬರೋಣ" ಅಂದಿದ್ದೀಯ. ನೀನು ನೋಡಿ ತಂದ ಸಂಬಂಧ, ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನೀನೊಬ್ಬಳೇ ಬಾ ಅಕ್ಕ. ಬರುವಾಗ ನಿನ್ನ ಕೈಯ ಚಟ್ನಿಪುಡಿ ತಾ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮೊಮ್ಮಗ ಕಿಟ್ಟುವಿಗೆ ನನ್ನ ಆಶೀರ್ವಾದ. ಸೈಕಲ್ಲಿನಿಂದ ಬಿದ್ದ ಗಾಯ ಮಾಯಿತೆ?

ನಿನ್ನ ತಂಗಿ,
ಸುಬ್ಬಲಕ್ಷ್ಮಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಧಾತ್ರಿಗೆ ಓದಿ ಹೇಳಿದೆ. "ಅಸಲಿ ಬಾತ್ ಕಹಾಂ ಹೈ, ಅಮ್ಮಾ? ಬರಿ" ಅಂದಳು, ನಿಜವಾದ ಸಂಗತಿ ಎಲ್ಲಿ ಅಂತ. ಬರೆಯುತ್ತೇನೆ. ಅಂಗಡಿಯಲ್ಲಿ ಅವಳು ಕೊಟ್ಟ ಉತ್ತರ, "ವಾಢಲಂ ನಾಹೀ, ತೋಡಲಂ." ಹೆಚ್ಚಿದ್ದಲ್ಲ, ಹರಿದುಹಾಕಿದ್ದು. ಸಂಕ್ರಾಂತಿಯ ದಿನ ವಿಕ್ರಂ ಹಿಂದಿನಿಂದ ಆ ಸರಕ್ಕೆ ಕೈಹಾಕಿ ತಿರುಚಿ ಹಿಡಿದಿದ್ದನಂತೆ. ಉಸಿರು ಕಟ್ಟಿಹೋಗುವ ಹೊತ್ತಿಗೆ ಎರಡು ಎಳೆಯೂ ಹರಿದು ನಮ್ಮ ಮಗು ಉಳಿಯಿತು. ಮಾರನೆಯ ದಿನ ಅವಳು ಫೋನಿನಲ್ಲಿ ನನಗೆ ಹೇಳಿದ್ದು ಅದನ್ನೇ ಅಕ್ಕ, ನಾವು ಕಲಿಸಿದ ಮಾತಿನಲ್ಲಿ. ನಾನು ಕೊಂಡಿ ಸವೆದಿರುತ್ತೆ ಅಂದೆ.

ಒಬ್ಬಳೇ ಓದು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೋ. ಬೀಗಿತ್ತಿ ಕೇಳಿದರೆ ಸರ ಹೆಚ್ಚಿತು ಅನ್ನಬೇಡ. ನಿಮ್ಮ ಮಗ ಹರಿದ ಅನ್ನು. ಬೀದಿಗೆಲ್ಲ ಕೇಳಲಿ.