ಹೋದ ವರ್ಷದ ಕೆಸರು

ಸೋಮವಾರ, ಮಧ್ಯಾಹ್ನ

ನನ್ನ ‘ರೀ’ ಅವರಿಗೆ,

ನೀವು ಕಳಿಸಿದ ಧ್ವನಿಮುದ್ರಣ ತಲುಪಿತು. ಹೊಸ ಜಾಗ, ಆಳ ಸಮುದ್ರ, ಎಲ್ಲ ಸುಸೂತ್ರ ಎಂದು ಬರೆದಿದ್ದೀರಿ. ಸುಸೂತ್ರ ಎಂದು ನೀವಾಗಿಯೇ ಹೇಳಿದಾಗಲೆಲ್ಲ ನನಗೆ ಅನುಮಾನ ಶುರುವಾಗುತ್ತದೆ, ಮದುವೆಯಾದಾಗಿನಿಂದಲೂ ಹಾಗೆಯೇ.

ಪ್ರಯೋಗಾಲಯದಲ್ಲಿ ಹೆಡ್‌ಫೋನ್ ಹಾಕಿ ಕೂತೆ. ಮೊದಲು ನೀರಿನಲ್ಲಿ ನೇರವಾಗಿ ಬಂದ ಸದ್ದು. ಅದರ ಹಿಂದೆ, ತಳದ ಕೆಸರಿಗಿಳಿದು, ಅಡಿಯ ಗಟ್ಟಿ ಪದರಕ್ಕೆ ತಾಗಿ, ಸುಸ್ತಾಗಿ ವಾಪಸಾದ ಸದ್ದು. ಮೆತ್ತನೆಯ ಕೆಸರಿನಲ್ಲಿ ಸದ್ದು ನೀರಿಗಿಂತಲೂ ತುಸು ನಿಧಾನ. ಕೆಸರು ದಪ್ಪವಾದಷ್ಟೂ ಎರಡನೆಯದು ತಡ. ಕಲಿಸಿದವರೇ ನೀವು. ಹಾಗಿರುವಾಗ ಹೊಸ ಜಾಗದ ಕೆಸರು ಹೋದ ವರ್ಷದ ಜಾಗದಂತೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾರ್ದನಿ ಕೊಡುವುದು ಹೇಗೆ? ಅಕ್ಕಪಕ್ಕದ ಎರಡು ಬಾವಿಗಳೇ ಒಂದೇ ಥರ ಓಗೊಡುವುದಿಲ್ಲ.

ಹಳೆಯ ಮುದ್ರಣಕ್ಕೆ ಹೊಸ ತಲೆ ಅಂಟಿಸಿದ್ದೀರಿ. ಉಪಕರಣ ಇಳಿಸುವ ಮುಂಚೆ ಸ್ಪ್ಯಾನರಿನಿಂದ ಚೌಕಟ್ಟಿಗೆ ಬಡಿದು ತಾರೀಖು ಹೇಳುತ್ತೀರಲ್ಲ, ಅದೊಂದೇ ಹೊಸದು. ದನಿ ನಿಮ್ಮದೇ, ಆದರೆ ಹಿಂದೆ ಹಡಗಿನ ಎಂಜಿನ್ ಇಲ್ಲ. ಬೇರೇನೋ ಟಕಟಕ. ಯಾವುದೋ ಮನೆ. ಯಾರ ಮನೆ? ಊಟ ಬಿಟ್ಟು ಮತ್ತೆ ಮತ್ತೆ ಕೇಳಿದೆ.

ಅಮ್ಮನಿಗೆ ಫೋನ್ ಮಾಡಿ ಗೋಳಾಡಿದೆ, ಯಾವಳೋ ಇದ್ದಾಳೆ ಎಂದೆ. ಅಮ್ಮ ಯಾವತ್ತೂ ಅಳಿಯನ ಪರ ವಹಿಸಿದವಳಲ್ಲ. ಇವತ್ತು ಮಾತ್ರ, “ನೀರು ಕಂಡ್ರೆ ಕೈ ನಡುಗೋ ಗಂಡಸಿಗೆ ಇನ್ನೊಬ್ಬಳು ಎಲ್ಲಿಂದ ಬರ್ತಾಳೆ ಕಣೇ?” ಎಂದು ಫೋನ್ ಇಟ್ಟುಬಿಟ್ಟಳು. ಹೋದ ವರ್ಷ ಹಡಗು ಬಿರುಗಾಳಿಗೆ ಸಿಕ್ಕಿದ ಕಥೆಯನ್ನು ನೀವು ನನಗೆ ನಗುನಗುತ್ತಾ ಹೇಳಿದ್ದಿರಿ. ಕೈ ನಡುಗುವ ಸಂಗತಿ ನನಗೇ ಗೊತ್ತಿಲ್ಲ, ಅಮ್ಮನಿಗೆ ಹೇಗೆ ಗೊತ್ತಾಯಿತು?

ಈ ಮುದ್ರಣ ನಂಬಿ ಅಲ್ಲಿ ಎಣ್ಣೆಯ ಕೊಳವೆ ಹಾಸುತ್ತಾರೆ; ಕೆಸರು ಕೈಕೊಟ್ಟರೆ ಕೊಳವೆ ಒಡೆಯುತ್ತದೆ. ಗುರುವಾರ ನಾನು ವರದಿಗೆ ಸಹಿ ಹಾಕಬೇಕು. ಹಾಕಲಾರೆ. ಅಷ್ಟರೊಳಗೆ ನೀವೇ ಕಚೇರಿಗೆ ಬಂದು ನಿಜ ಹೇಳಿಬಿಡಿ, ನಾನೂ ಪಕ್ಕದಲ್ಲಿ ನಿಂತಿರುತ್ತೇನೆ. ಕೆಲಸ ಹೋದರೆ ಹೋಗಲಿ. ಸಮುದ್ರಕ್ಕೆ ಹೆದರಿದಿರೆಂದು ನನಗೆ ಬೇಜಾರಿಲ್ಲ, ಅದನ್ನು ನನಗೆ ಹೇಳಲು ಹೆದರಿದಿರಲ್ಲ, ಅದಕ್ಕೆ ಅಳು ಬರುತ್ತಿದೆ.

ಇಂತಿ,
ನೀವೇ ಹೆಸರಿಟ್ಟ
‘ದಡದ ಕಿವಿ’

ಮರೆತ ಮಾತು: ಈ ಪತ್ರವನ್ನು ಹಡಗಿನ ವಿಳಾಸಕ್ಕೆ ಹಾಕುತ್ತಿಲ್ಲ. ಆ ಟಕಟಕದ ನಡುನಡುವೆ ಒಂದೊಂದು ಹೊಲಿಗೆ ತಪ್ಪುತ್ತದೆ. ಆ ಹೊಲಿಗೆ ಯಂತ್ರದಲ್ಲಿ ಹೊಲಿದ ಲಂಗ ತೊಟ್ಟೇ ನಾನು ಶಾಲೆಗೆ ಹೋದದ್ದು. ಅಳಿಯನನ್ನು ಬಚ್ಚಿಡುವುದಿದ್ದರೆ ಮೊದಲು ಅದರ ಸಡಿಲ ಬೆಲ್ಟ್ ಬದಲಾಯಿಸಬೇಕಿತ್ತು ಎಂದು ಅಮ್ಮನಿಗೆ ಹೇಳಿ.