ಸೇತುವೆಯ ಮೇಲೆ ಕೂಗಿದ ಕುಕ್ಕರ್

ಗುರುವಾರ, ಮಧ್ಯಾಹ್ನ

ಯಜಮಾನರಿಗೆ ನಮಸ್ಕಾರ.

ನಾನು ಬೇರೆ ಮನೆ ಮಾಡಿದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಹಳೆಯದನ್ನೇ ಬರೆದಿದ್ದೇನೆ. ಅದರಲ್ಲಿ ಪ್ರೀತಿ ಹುಡುಕಬೇಡಿ.

ನಿನ್ನೆ ನಿಮ್ಮ ಅಕ್ಕ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು. ಅಳತೆ ಕೊಡಲು ಬಂದವರ ಹಾಗೆ ಸ್ಟೂಲಿನ ಮೇಲೆ ಕೂತು, ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, ಆಮೇಲೆ ಬಾಯಿ ಬಿಟ್ಟರು. "ಗಂಡನ ಮಾನ ನಿನ್ನ ಕೈಲಿದೆ ಕಣಮ್ಮ. ಸೋಮವಾರ ಬಿರುಗಾಳಿ ದಿನದ ವಿಚಾರಣೇಲಿ ಒಂದು ಮಾತು ಹೇಳ್ಬಿಡು, ಅವನು ಸೇತುವೆ ಹತ್ರಾನೇ ಇದ್ದ, ಅಗ್ನಿಶಾಮಕದೋರಿಗೆ ಫೋನ್ ಮಾಡು ಅಂತ ನೀನೇ ಹೇಳಿದ್ದು ಅಂತ." ಕೇಳುವ ಧೈರ್ಯ ನಿಮಗಿರಲಿಲ್ಲ, ಅಕ್ಕನನ್ನು ಅಟ್ಟಿದಿರಿ. ನನ್ನ ಉತ್ತರ ನಾನೇ ಬರೆಯುತ್ತಿದ್ದೇನೆ. ಹೇಳುವುದಿಲ್ಲ.

ಆ ದಿನ ನಡೆದದ್ದನ್ನು ನೀವು ಊರೆಲ್ಲ ಬೇರೆ ಥರ ಹೇಳಿಕೊಂಡು ಬರುತ್ತಿದ್ದೀರಂತೆ. ನೆನಪು ಮಾಡಿಕೊಡುತ್ತೇನೆ.

ಬಿರುಗಾಳಿ ಬರುತ್ತದೆಂದು ಹವಾಮಾನ ಕಚೇರಿ ಎಚ್ಚರಿಸಿದ ಕೂಡಲೇ ನಾನು ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ ರೇಡಿಯೋ ಸೆಟ್ಟನ್ನು ಬ್ಯಾಟರಿಗೆ ಜೋಡಿಸಿ ಕೂತೆ. ನಮ್ಮ ಹವ್ಯಾಸಿ ರೇಡಿಯೋ ಗುಂಪಿನವರು ಒಬ್ಬೊಬ್ಬರಾಗಿ ದನಿ ಕೊಟ್ಟರು. ಅವರ ವರದಿಗಳನ್ನು ಖಚಿತಪಡಿಸಿಕೊಂಡು ಅಗ್ನಿಶಾಮಕ ಠಾಣೆಗೆ ತಿಳಿಸುವ ಕೆಲಸ ನನ್ನದು. ಹಿಟ್ಟಿನ ಗಿರಣಿಯವರು ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬೀಳುತ್ತಿದೆ ಎಂದರು. ನಿವೃತ್ತ ನರ್ಸಮ್ಮ ತಮ್ಮ ಬೀದಿಯ ವಿದ್ಯುತ್ ಕಂಬ ವಾಲಿದೆ ಎಂದರು. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬೇಕು ಎಂಬ ನಿಯಮವನ್ನು ಇವರೆಲ್ಲ ಕಲಿತದ್ದು ನಿಮ್ಮಿಂದಲೇ. ನಾನೂ ನಿಮ್ಮಿಂದಲೇ.

ಆಗ ನಡುವೆ ನುಗ್ಗಿದಿರಿ. "ಸೇತುವೆ ಮೇಲೆ ನೀರು ಹರೀತಿದೆ, ಗಾಡಿಗಳು ಸಿಕ್ಕಿಹಾಕ್ಕೊಂಡಿವೆ, ತಕ್ಷಣ ಠಾಣೆಗೆ ಹೇಳಿ ಗಾಡಿ ಕಳಿಸು!"

ಸೇತುವೆ ಇರುವುದು ತಗ್ಗಿನಲ್ಲಿ. ಅಲ್ಲಿಂದ ಕೈ ಸೆಟ್ಟಿನಲ್ಲಿ ಮಾತಾಡಿದರೆ ದನಿ ಚಿಂದಿಯಾಗಿ ಬರುತ್ತದೆ. ನಿಮ್ಮದು ಮನೆ ಮಹಡಿಯ ಆಂಟೆನಾದಿಂದ ಬಂದ ಹಾಗೆ ಸ್ವಚ್ಛವಾಗಿತ್ತು. ಸಾಲದ್ದಕ್ಕೆ ನಿಮ್ಮ ಹಿಂದೆ ಕುಕ್ಕರ್ ಕೂಗಿತು. ಸೇತುವೆಯ ಮೇಲೆ ಯಾರು ಅಡುಗೆ ಮಾಡುತ್ತಿದ್ದರು ಸ್ವಾಮಿ?

"ಕಣ್ಣಾರೆ ನೋಡ್ತಿದ್ದೀರಾ?" ಎಂದು ಕೇಳಿದೆ. ಎಲ್ಲರನ್ನೂ ಕೇಳುವ ಪ್ರಶ್ನೆ ಅದು. "ನನ್ನನ್ನೇ ಪ್ರಶ್ನೆ ಮಾಡ್ತೀಯಾ? ಮೈಕ್ ಹಿಡಿಯೋಕೆ ಕಲಿಸಿದ್ದು ಯಾರು?" ಎಂದಿರಿ. ಗುಂಪೆಲ್ಲ ಕೇಳಿಸಿಕೊಂಡಿತು. ಇದು ಖಚಿತವಾಗದ ವರದಿ, ಯಾರೂ ಮುಂದಕ್ಕೆ ಕಳಿಸಬೇಡಿ ಎಂದು ಹೇಳಿ, ಸೇತುವೆಗೆ ಹತ್ತಿರವಿದ್ದ ಗುಂಪಿನ ಬಸ್ ಡ್ರೈವರನ್ನು ನೋಡಿ ಬರಲು ಕೇಳಿದೆ.

ನಿಮಗೆ ಅಷ್ಟು ಹೊತ್ತೂ ತಡೆಯಲಾಗಲಿಲ್ಲ. ಗುಂಪಿನ ವರದಿಯೆಂದು ಹೇಳಿ ಅಗ್ನಿಶಾಮಕ ಠಾಣೆಗೆ ನೀವೇ ಫೋನ್ ಮಾಡಿದಿರಿ. ಅಲ್ಲಿದ್ದ ಒಂದೇ ಗಾಡಿ ಸೇತುವೆಗೆ ಓಡಿತು. ಬಸ್ ಡ್ರೈವರ್ ನೋಡಿ ಹೇಳಿದರು, "ನೀರು ಕೆಳಗೇ ಇದೆ ಅಕ್ಕಾ, ಒಂದು ನಾಯಿ ಬಿಟ್ರೆ ಇಲ್ಲಿ ಯಾರೂ ಇಲ್ಲ."

ಆ ಮಾತು ಮುಗಿಯುವುದರೊಳಗೆ ನರ್ಸಮ್ಮ ಕೂಗಿದರು. ಬಾಟಲಿ ಕಾರ್ಖಾನೆಯ ಷೆಡ್ಡಿನ ಚಾವಣಿ ಕುಸಿದಿದೆ, ಒಳಗೆ ಹೆಂಗಸರಿದ್ದಾರೆ. ಠಾಣೆಯಿಂದ ಕಾರ್ಖಾನೆಗೆ ಕೂಗಳತೆಯ ದೂರ. ಆದರೆ ಗಾಡಿ ಊರಾಚೆಯಿತ್ತು, ಹಿಂದಿರುಗುವ ದಾರಿಗೆ ಮರ ಅಡ್ಡ ಬಿದ್ದಿತ್ತು. ಜನ ಬರಿಗೈಯಲ್ಲಿ ತಗಡು ಎತ್ತಿದರು. ಉಳಿದವರೆಲ್ಲ ಹೊರಬಂದರು. ತೊಲೆಯ ಕೆಳಗಿದ್ದವಳೊಬ್ಬಳನ್ನು ಮಾತ್ರ ಬರಿಗೈಯಲ್ಲಿ ಬಿಡಿಸಲಾಗಲಿಲ್ಲ. ಗಾಡಿ ಬರುವವರೆಗೂ ಅವಳು ಕಿರುಚುತ್ತಿದ್ದುದು ನರ್ಸಮ್ಮನ ಮೈಕಿನಲ್ಲಿ ನನಗೆ ಕೇಳುತ್ತಿತ್ತು. ಅವಳ ಒಂದು ಕಾಲು ಉಳಿಯಲಿಲ್ಲ.

ಯಾರಿಗೂ ಕೇಡು ಬಯಸಿ ನೀವು ಹಾಗೆ ಮಾಡಲಿಲ್ಲ, ಅದು ನನಗೆ ಗೊತ್ತು. ಗುಂಪಿನವರು ಈ ಜವಾಬ್ದಾರಿಯನ್ನು ನಿಮ್ಮನ್ನು ಬಿಟ್ಟು ನನಗೆ ಕೊಟ್ಟ ದಿನದಿಂದ ನಿಮ್ಮ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ. ಎಲ್ಲರಿಗಿಂತ ಮೊದಲು ಹೇಳಿದವರು ನೀವಾಗಬೇಕಿತ್ತು. ಸೇತುವೆ ಮುಳುಗಬಹುದೆಂದು ಅಂದಾಜು ಮಾಡಿದಿರಿ, ಮುಳುಗಿತೆಂದು ಹೇಳಿಬಿಟ್ಟಿರಿ. ಮನೆಯಲ್ಲೂ ಹಾಗೇ ಅಲ್ಲವೇ? ನಿಮ್ಮ ಅನುಮಾನಗಳೆಲ್ಲ ಸಂಜೆಯೊಳಗೆ ಸತ್ಯವಾಗಿಬಿಡುತ್ತಿದ್ದವು. ಅಲ್ಲಿ ಸಹಿಸಿದೆ, ಆಮೇಲೆ ಎದ್ದು ಬಂದೆ. ಇದನ್ನು ಸಹಿಸುವುದಿಲ್ಲ.

ಸೋಮವಾರ ಕೇಳಿದ್ದನ್ನೆಲ್ಲ ಹೇಳುತ್ತೇನೆ, ಕುಕ್ಕರನ್ನೂ ಬಿಡುವುದಿಲ್ಲ. ನಗುವವರು ನಗಲಿ. ನಿಮ್ಮ ಅಕ್ಕನನ್ನು ಇನ್ನೊಮ್ಮೆ ಕಳಿಸಿದರೆ ಅಳತೆ ತೆಗೆದುಕೊಂಡು ಬಟ್ಟೆ ಹೊಲಿದು ಕಳಿಸುತ್ತೇನೆ, ಬೇರೆ ಮಾತಾಡುವುದಿಲ್ಲ.

ಇಂತಿ,
ಆ ದಿನ ನಿಮ್ಮನ್ನು ನಂಬದೆ ಕೂತಿದ್ದವಳು

ಮರೆತ ಮಾತು: ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಕಾಲು ಕಳೆದುಕೊಂಡ ಅವಳು ನನ್ನ ಕೈ ಹಿಡಿದುಕೊಂಡು, "ಗಾಡೀನ ಆ ಕಡೆ ಕಳಿಸಿದ್ದು ಯಾರಕ್ಕಾ?" ಎಂದು ಕೇಳಿದಳು. ಗೊತ್ತಿಲ್ಲಮ್ಮ ಎಂದೆ. ಯಾಕೆ ಹಾಗೆಂದೆನೋ ನನಗೂ ತಿಳಿಯದು. ಮನೆಗೆ ಬಂದು ಊಟ ಸೇರಲಿಲ್ಲ. ನಾಳೆ ಸಂಜೆ ಮತ್ತೆ ಹೋಗಿ ನಿಮ್ಮ ಹೆಸರು ಹೇಳಿ ಬರುತ್ತೇನೆ. ಅದಕ್ಕೆ ಮುಂಚೆ ನೀವೇ ಹೋಗಿ ಅವಳ ಮುಂದೆ ನಿಂತರೆ, ನಾನು ಹೋಗುವುದು ತಪ್ಪುತ್ತದೆ.