ಜಾಲಿ ಕಡ್ಡಿಯ ಗಾಲಿ

ಜನವರಿ ೮, ೧೯೫೦. ಕಮಲಾಪುರ

ರೇಡಿಯೇಟರಿಗೆ ನೀರು ಹಾಕಿ ಹ್ಯಾಂಡಲ್ ತಿರುವಿದೆ. ಎರಡನೇ ಸುತ್ತಿಗೇ ಎದ್ದಿತು. ಇಪ್ಪತ್ತೆರಡು ವರ್ಷದ ಕಾರು! ಅಷ್ಟೂ ವರ್ಷ ನಾನೇ ಡ್ರೈವರ್, ನಾನೇ ರಿಪೇರಿ ಮೇಸ್ತ್ರಿ. ಕಾರಿನ ಒಡತಿ ಇಕ್ಬಾಲ್ ಬೇಗಂ ಸಾಹೇಬರು ಇನ್ನು ಕಲಬುರ್ಗಿಯ ಶಹಾಬಜಾರದಲ್ಲಿ, ಮಗಳ ಮನೆಯಲ್ಲಿ ಇರುತ್ತಾರಂತೆ. ಆ ಗಲ್ಲಿಯಲ್ಲಿ ಕಾರು ಹಿಡಿಯುವುದಿಲ್ಲ. ಮಾರುತ್ತಾರಂತೆ. ಹಳೇ ಕಾರು ಕೂಡಿಡುವ ಮುಂಬೈ ಸಾಹೇಬನೊಬ್ಬ ನೋಡಲು ಬರುತ್ತಾನೆ.

ಜನವರಿ ೧೧

ಬಂದ. ಬೂಟಿನಿಂದ ಗಾಲಿ ಒದ್ದ. ಮೈಯೆಲ್ಲ ಉರಿಯಿತು. ಗಾಲಿಯ ಈ ಕಟ್ಟಿಗೆ ಕಡ್ಡಿ ಯಾರು ಮಾಡಿದ್ದು ಎಂದು ಕೇಳಿದ.

“ನಮ್ಮೂರ ಬಡಿಗ್ಯಾ ಮಾಪಣ್ಣ ರೀ. ಬಂಡಿ ಗಾಲಿ ಮಾಡ್ತಾನ.”

“ಮ್ಯಾಗ್ನೆಟೊ?”

“ಲಾರೀದು ರೀ. ಕಂಪನೀದು ಕಿಡಿ ಕೊಡಲಾರದಾಂಗ ಆಗಿತ್ತು.”

ನಕ್ಕ. ಕ್ಲಾಸಿಕ್ ಅಂದರೆ ಕಂಪನಿ ಬಿಟ್ಟ ಹಾಗೇ ಇರಬೇಕಂತೆ. ಇದು ಬರೀ ಗುಜರಿಯಂತೆ.

ನಿನ್ನ ಕ್ಲಾಸಿಕ್ಕಿಗೆ ಬೆಂಕಿ ಹಾಕ! ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಕಂಪನಿ ಕಡ್ಡಿ ಸೀಳಿದಾಗ, ಬಂಡಿಗೆಂದು ಇಟ್ಟಿದ್ದ ಜಾಲಿ ಕಟ್ಟಿಗೆ ಕೆತ್ತಿ ಕೊಟ್ಟವನು ಮಾಪಣ್ಣ. ಅದರ ಮೇಲೇ ಬೇಗಂ ಸಾಹೇಬರನ್ನೂ ಮಾಪಣ್ಣನ ಹೆಂಡತಿ ಮಕ್ಕಳನ್ನೂ ಒಟ್ಟಿಗೆ ಕಲಬುರ್ಗಿ ಮುಟ್ಟಿಸಿದೆ. ಆಗ ಎಲ್ಲಿದ್ದ ಈ ಮುಂಬೈ ಸಾಹೇಬ?

ಜನವರಿ ೧೨

ಬೇಗಂ ಸಾಹೇಬರು ಕರೆದರು. “ಕಂಪನೀ ಸಾಮಾನ ಇದ್ರ ಸಾಹೇಬರು ಕೊಳ್ತಾರಂತ. ಹಳೇವು ಎಲ್ಲಾ ಅದಾವಲ್ಲ ಸೂರ್ಯಕಾಂತ? ಅವನ್ನೇ ಹಾಕಿಬಿಡು.”

ಇವೆ. ತೀರಿಹೋದ ಯಜಮಾನರ ಪದ್ಧತಿ — ಬಿಚ್ಚಿದ್ದನ್ನು ತಂದು ತೋರಿಸಬೇಕು, ಎಸೆಯಬಾರದು. ಗೋಣಿಚೀಲ ತುಂಬ ಇವೆ. ಹಾಕಿದರೆ ಕಾರು ನಡೆಯುವುದಿಲ್ಲ ಎಂದು ಹೇಳಬೇಕಿತ್ತು. ಸಿಟ್ಟಿನಲ್ಲಿ ಚೀಲ ಹೊತ್ತುಕೊಂಡು ಬಂದುಬಿಟ್ಟೆ.

ಜನವರಿ ೧೫. ಕಲಬುರ್ಗಿ

ಸೀಳಿದ ಕಡ್ಡಿ ಕೂಡಿಸಲು ಅಂಟು ಕೊಂಡೆ. ಅಂಗಡಿಯವನು ನಗುತ್ತಾನೆ — “ಕಾರಿಗಿ ಅಂಟೇನೋ?” ಥೂ, ನನ್ನ ಬಾಳೇ.

ಜನವರಿ ೨೨. ಕಮಲಾಪುರ, ಬೆಳಿಗ್ಗೆ

ಸಾಹೇಬ ಬಂದ. ಹಳೇ ಸಾಮಾನು ಹಾಕಿ ನಿಲ್ಲಿಸಿದ್ದ ಕಾರನ್ನು ಮುಟ್ಟಿ ಮುಟ್ಟಿ ನೋಡಿದ. ಈಗ ಕ್ಲಾಸಿಕ್ ಅಂದ. ಕಲಬುರ್ಗಿ ಸ್ಟೇಷನ್‌ವರೆಗೆ ಎಳೆಯಲು ಎರಡು ಎತ್ತು, ಹಗ್ಗ, ಎಲ್ಲ ತಂದಿದ್ದ.

ಅಷ್ಟರಲ್ಲಿ ಬೇಗಂ ಸಾಹೇಬರು ಎಲೆ ಅಡಿಕೆಯ ಪಾನ್‌ದಾನ್ ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕೂತರು. “ಕಡೀ ಸಲ ಇದರಾಗೇ ಹೋಗ್ತೀನಿ. ನಡಿ ಸೂರ್ಯಕಾಂತ.”

“ನಡ್ಯಾಂಗಿಲ್ಲ ರೀ ಬೇಗಂ ಸಾಹೇಬ. ಈಗ ಇದು ಕ್ಲಾಸಿಕ್ ಆಗ್ಯಾದ.”

ಎತ್ತುಗಳನ್ನು ನೋಡಿದರು. ಬೇವಿನ ಮರದ ಕೆಳಗೆ, ನಾನು ಬಿಚ್ಚಿದ ತನ್ನ ಜಾಲಿ ಕಡ್ಡಿಗಳನ್ನು ಹಿಡಿದು ನಿಂತ ಮಾಪಣ್ಣನನ್ನು ನೋಡಿದರು.

“ನನ್ನ ಜೀವ ಉಳಿಸಿದ್ದು ಗುಜರಿ, ಎತ್ತು ಎಳಿಯೋದು ಕ್ಲಾಸಿಕ್? ಯಾ ಅಲ್ಲಾ! ಸಾಹೇಬರಿಗಿ ನನ್ನ ಸಲಾಂ ಹೇಳು, ಕಳಿಸು. ಮಾಪಣ್ಣ, ಇಲ್ಲಿ ಬಾರಪ್ಪಾ.”

ಜಾಲಿ ಕಡ್ಡಿ, ಲಾರಿ ಮ್ಯಾಗ್ನೆಟೊ ಮತ್ತೆ ಹಾಕಬೇಕು; ನಟ್ಟು ಬಿಚ್ಚುವ ಪಾನಾ ತೆಗೆದುಕೊಳ್ಳಲು ಒಳಗೆ ಬಂದೆ. ಮಾಪಣ್ಣ ಕೂಗುತ್ತಿದ್ದಾನೆ. ಉಳಿದದ್ದು ಬರೆಯುವುದು ಕಾರು ಎದ್ದ ಮೇಲೆ —